ಎಡಕ್ಕೆ ಬಿಟ್ಟ ನೀರು

ಕಸ್ತೂರೆಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಮೇಲಿನ ಚಿಲಕ ಹಾಕಿಬಿಟ್ಟಳು. ಹಾಕಿ, ಮತ್ತೆ ಬಂದು ಗಂಡನ ಹೆಣದ ತಲೆಯ ಬಳಿ ಕೂತಳು. ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ ಗಂಡಸರ ಮಾತು ಒಮ್ಮೆಲೇ ನಿಂತಿತು. ಸಾವಾದ ಮನೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಪಕ್ಕದ ಮನೆಯ ಪಾರಮ್ಮ ಮೆಲ್ಲಗೆ ಎದ್ದು ಚಿಲಕ ತೆಗೆದಳು. ಬೆಳಗಿನಿಂದ ಅವಳು ಹೀಗೆ ತೆಗೆಯುತ್ತಲೇ ಇದ್ದಳು.

"ಅಕ್ಕ, ಇವತ್ತ ತೆಗೆದ ಇರಬೇಕು," ಎಂದಳು ಕಿವಿಯ ಹತ್ತಿರ ಬಾಗಿ. "ಅಣ್ಣ ಇನ್ನ ಎಲ್ಲಿಗೂ ಹೋಗಂಗಿಲ್ಲ."

ಕಸ್ತೂರೆಮ್ಮ ತನ್ನ ಕೈ ನೋಡಿಕೊಂಡಳು. ಚಿಲಕ ಹಾಕಿದ್ದೇ ಅವಳಿಗೆ ನೆನಪಿರಲಿಲ್ಲ.

ಚಾಪೆಯ ಮೇಲೆ ಕಳಕಪ್ಪ ಕಾಲು ಚಾಚಿ ಮಲಗಿದ್ದ. ಜ್ವರವೆಂದು ಮಲಗಿದವನು ಬೆಳಗಿನ ಜಾವ ನೀರು ಕೇಳಿ ಕುಡಿದು ಹೋಗಿಬಿಟ್ಟಿದ್ದ. ಗಳಿಗೆಗೊಮ್ಮೆ ಎದ್ದು ಬಾಗಿಲ ಕಡೆಗೆ ನಡೆಯುತ್ತಿದ್ದ ಮನುಷ್ಯ ಹೀಗೆ ಒಂದೇ ಕಡೆ ಇದ್ದದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು. ಅವನ ಕಾಲಿನ ಚಡಪಡಿಕೆಯೆಲ್ಲ ಈಗ ಇವಳ ಕಾಲಿಗೆ ಬಂದಂತಿತ್ತು. ಕೂತರೆ ಏಳಬೇಕೆನಿಸುತ್ತಿತ್ತು. ಎದ್ದರೆ ಏಕೆ ಎದ್ದೆನೆಂದು ತಿಳಿಯುತ್ತಿರಲಿಲ್ಲ. ಒಲೆ ಹಚ್ಚುವ ಹಾಗಿಲ್ಲವೆಂದು ಗೊತ್ತಿದ್ದರೂ ಅಡುಗೆಮನೆಗೆ ಹೋಗಿ ಒಲೆ ನೋಡಿ ಬಂದಳು.

ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಕಳಕಪ್ಪನ ಅಣ್ಣ ಹುಚ್ಚೀರಪ್ಪ ನವಲಿಯಿಂದ ಬಂದಿಳಿದ. ವಯಸ್ಸು ಎಂಬತ್ತರ ಹತ್ತಿರ ಬಂದಿದ್ದರೂ ಬೆನ್ನು ಬಾಗಿರಲಿಲ್ಲ. ತಮ್ಮನ ಕಾಲ ಬಳಿ ಕುಸಿದು ಕೂತು ದನಿ ತೆಗೆದು ಅತ್ತ. ಅತ್ತು, ಟವೆಲಿನಿಂದ ಮುಖ ಒರೆಸಿಕೊಂಡು ಕಸ್ತೂರೆಮ್ಮನ ಕಡೆ ತಿರುಗಿದ.

"ತಂಗೆವ್ವ, ಟ್ರೇಲರಿನ್ಯಾಗ ಹುಲ್ಲು ಹಾಸಿಕೊಂಡು ಬಂದೀನಿ. ಊರಾಗ ಅಪ್ಪನ ಮಗ್ಗಲಾಗ ಜಾಗ ತೆಗೀರಿ ಅಂತ ಹೇಳೀನಿ. ಹೊಂಡೂಣು."

ಕಸ್ತೂರೆಮ್ಮ ಪಾರಮ್ಮನ ಕಡೆ ನೋಡಿದಳು. ಓಣಿಯವರು ಆಗಲೇ ಕಾಲುವೆಯ ಆಚೆಗಿನ ಸ್ಮಶಾನದಲ್ಲಿ ಕುಣಿ ತೋಡುತ್ತಿದ್ದರು. ಸೈಕಲ್ ಅಂಗಡಿಯ ಮಂಜೂರ ಯಾರೂ ಹೇಳುವ ಮೊದಲೇ ಗುದ್ದಲಿ ಹೊತ್ತು ನಡೆದಿದ್ದ. ಆ ಮಾತನ್ನು ಪಾರಮ್ಮನೇ ತಗ್ಗಿದ ದನಿಯಲ್ಲಿ ಹೇಳಿದಳು.

"ಸಾಯೂತನಾ ಮನೀಗೆ ಹೋಗ್ತೀನಿ, ಮನೀಗೆ ಹೋಗ್ತೀನಿ ಅಂದ ನನ್ನ ತಮ್ಮ," ಎಂದ ಹುಚ್ಚೀರಪ್ಪ, ಪಾರಮ್ಮನಿಗಲ್ಲ, ಕಸ್ತೂರೆಮ್ಮನಿಗೆ. "ಇದ್ದಾಗಂತೂ ಚಿಲಕಾ ಹಾಕಿ ಇಟ್ರಿ. ಈಗರ ಬಿಡ್ರಿ."

ಬೆಳಗಿನಿಂದ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದುದನ್ನು ಅವನು ಎಲ್ಲರ ಮುಂದೆ ಅಂದುಬಿಟ್ಟಿದ್ದ. ಅವಳು ಮತ್ತೆ ಎದ್ದು ನಿಂತಳು. ಹೋಗಲು ಮಾತ್ರ ಎಲ್ಲಿಯೂ ಇರಲಿಲ್ಲ.

*

ಕಳಕಪ್ಪ ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದವನು. ಎಡದಂಡೆ ಕಾಲುವೆಯ ತೂಬು ಎತ್ತುವುದು, ಇಳಿಸುವುದು, ಯಾವ ಹೊಲಕ್ಕೆ ಯಾವಾಗ ನೀರೆಂಬ ಪಾಳಿ ನೋಡುವುದು ಅವನ ಕೆಲಸ. ಬೇರೆ ಸೌಡಿಗಳು ತೂಬು ಎತ್ತಿ ಮನೆಗೆ ಹೋದರೆ ಇವನು ಬಿಟ್ಟ ನೀರಿನ ಜೊತೆಗೇ ದಂಡೆ ಹಿಡಿದು ನಡೆಯುವನು. ಕೊನೆಯ ಹೊಲಕ್ಕೆ ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಿಂದಕ್ಕೆ ಬರುವನು.

ನಿವೃತ್ತಿಯಾಗಿ ಮುನಿರಾಬಾದಿನ ಡ್ಯಾಂ ಕಾಲೊನಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಮಾಡಿದ ಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತ, ಆಮೇಲೆ ಉಂಡದ್ದನ್ನು, ಆಮೇಲೆ ಕಸ್ತೂರೆಮ್ಮನನ್ನು. ಹೊತ್ತು ಇಳಿಯುತ್ತಿದ್ದಂತೆ ಟವೆಲು ಹೆಗಲಿಗೆ ಹಾಕಿ "ಮನೀಗೆ ಹೋಗ್ತೀನಿ" ಎಂದು ಎದ್ದುಬಿಡುವನು. ಇದೇ ನಿಮ್ಮ ಮನೆ ಎಂದರೆ ಸಿಟ್ಟು. ಕೈ ಹಿಡಿದರೆ ಕೊಸರಿಕೊಂಡು ಹೊಡೆಯಲು ಬರುವನು. ಒಂದು ಸಂಜೆ ಕಾಲುವೆಯ ಮೆಟ್ಟಿಲಿನಲ್ಲಿ ಮೊಣಕಾಲ ಮಟ ನೀರಲ್ಲಿ ನಿಂತಿದ್ದವನನ್ನು ಮಂಜೂರ ಅಪ್ಪಿ ಎತ್ತಿಕೊಂಡು ಬಂದ. ಅವತ್ತಿನಿಂದ ಚಿಲಕ. ಚಿಲಕ ಹಾಕಿದರೆ ಬಾಗಿಲಿಗೆ ಹಣೆ ಹಚ್ಚಿ ಅಳುತ್ತಿದ್ದ. ಅವನ ಹಿಂದೆ ನಿಂತು ಕಸ್ತೂರೆಮ್ಮನೂ ಅಳುತ್ತಿದ್ದಳು.

ಆಶಾ ಕಾರ್ಯಕರ್ತೆ ರೇಣುಕಮ್ಮ ಆ ಅಳು ಕೇಳಿ ಬಾಗಿಲ ಮುಂದೆ ನಿಂತವಳು. ಮರೆವಿನ ಕಾಯಿಲೆಯ ಬಗ್ಗೆ ಕೊಪ್ಪಳದಲ್ಲಿ ತರಬೇತಿಗೆ ಹೋಗಿ ಬಂದಿದ್ದಳು. ಆ ಭಾನುವಾರ ಓಣಿಯವರನ್ನು ಪಾರಮ್ಮನ ಮಿರ್ಚಿ ಭಜಿಯ ಒಲೆಯ ಸುತ್ತ ಕೂರಿಸಿಕೊಂಡಳು. ಓಣಿಯಲ್ಲೇ ಇದ್ದು ಆಟೋ ಓಡಿಸುತ್ತಿದ್ದ ದುರಗೇಶ ಆಟೋದಿಂದ ಇಳಿಯದೆಯೇ ಕೇಳಿದ, ತಲೆ ಕೆಟ್ಟವರನ್ನು ಕಾಯುವುದು ಓಣಿಯವರ ಕೆಲಸವೇ ಎಂದು.

"ತಲಿ ಕೆಟ್ಟಿಲ್ಲೋ ತಮ್ಮಾ, ದಾರಿ ತಪ್ಪೈತಿ," ಎಂದಳು ರೇಣುಕಮ್ಮ. "ದಾರಿ ತಪ್ಪಿದವ್ರು ನಿನ್ನ ಆಟೋ ಹತ್ತಿದ್ರ ಬೈದು ಇಳಸ್ತೀಯೇನು?"

ಎಲ್ಲರೂ ನಕ್ಕರು. ದುರಗೇಶ ಆಟೋ ಬಂದ್ ಮಾಡಿ ಇಳಿದು ಬಂದ.

"ತಡೀಬ್ಯಾಡ್ರಿ. ಕೈ ಹಿಡಿದು ಜಗ್ಗಬ್ಯಾಡ್ರಿ," ಎಂದಳು ಅವಳು. "ನಾಕು ಹೆಜ್ಜಿ ಅವ್ರು ಹೊಂಟ ಕಡೀಗೇ ಅವ್ರ ಸಂಗಾಟ ಹೋಗ್ರಿ. ಏನರ ಮಾತಾಡ್ರಿ. ಆಮ್ಯಾಲ ನೀವು ಮೆಲ್ಲಕ ತಿರುಗ್ರಿ. ಅವ್ರೂ ತಿರುಗತಾರ."

ಅಲ್ಲಿಂದ ಸಂಜೆಯ ಸುತ್ತು ಶುರುವಾಯಿತು. ಕಸ್ತೂರೆಮ್ಮ ಚಿಲಕ ತೆಗೆಯುವಳು. ಕಳಕಪ್ಪ ಹೊರಬಿದ್ದರೆ ಪಾರಮ್ಮ ಕಾಗದದಲ್ಲಿ ಬಿಸಿ ಭಜಿ ಹಿಡಿದು ಜೊತೆಯಾಗುವಳು. ಹಿಟ್ಟಿನ ಗಿರಣಿಯಿಂದ ಮುಂದಕ್ಕೆ ದುರಗೇಶ, ಹುಲಿಗಿ ಗುಡಿಗೆ ಹೋಗುವ ಪ್ಯಾಸೆಂಜರುಗಳನ್ನೂ ಕೈಬಿಟ್ಟು. ಓಣಿ ಮುಗಿಯುವ ಮೂಲೆಯಲ್ಲಿ ಮಂಜೂರನ ಸೈಕಲ್ ಅಂಗಡಿ. ಅಲ್ಲಿಂದ ನೆಟ್ಟಗೆ ಹೋದರೆ ಕಾಲುವೆಯ ಸೇತುವೆ. ಎಡಕ್ಕೆ ತಿರುಗಿದರೆ ಹಿಂದಿನ ಓಣಿ ಬಳಸಿಕೊಂಡು ಮತ್ತೆ ಇದೇ ಮನೆಯ ಬಾಗಿಲು. ತಿರುಗಿಸುವುದೇ ಕಷ್ಟವಾಗಿತ್ತು. ನೀರಿನ ಸದ್ದಿಗೆ ಅವನ ಕಾಲು ಸೇತುವೆಯ ಕಡೆಗೇ ಎಳೆಯುತ್ತಿದ್ದವು. ಆಗ ಒಂದು ದಿನ ಮಂಜೂರನಿಗೆ ಹೊಳೆಯಿತು.

"ಕಾಕಾ, ಇವತ್ತಿನ ಪಾಳಿ ಎಡಕ್ಕ ಐತಿ. ನೀರು ಆ ಕಡಿ ಬಿಟ್ಟಾರ."

ಕಳಕಪ್ಪ ನಿಂತ. ಎಡಗಡೆಯ ಒಣ ಮಣ್ಣಿನ ದಾರಿಯನ್ನು ನೋಡಿದ. ನೀರು ಬಿಟ್ಟ ಮೇಲೆ ಅದರ ಹಿಂದೆ ಹೋಗದಿರುವುದು ಅವನಿಂದಾಗದು. ಎಡಕ್ಕೆ ತಿರುಗಿದ.

ಮುಂದೆ ಹಾಗೆ ಹೇಳುವ ಅಗತ್ಯವೂ ಬೀಳಲಿಲ್ಲ. ಮೂಲೆ ಬಂದರೆ ಅವನ ಕಾಲೂ, ಜೊತೆಗಿದ್ದವರ ಕಾಲೂ ತಾವಾಗಿ ಎಡಕ್ಕೆ ತಿರುಗುತ್ತಿದ್ದವು.

ಬಾಗಿಲಿಗೆ ಬಂದು ಕಸ್ತೂರೆಮ್ಮನನ್ನು ನೋಡಿ ಅವನು ಸಂಕೋಚದಿಂದ ಕೇಳುವನು:

"ಯವ್ವಾ, ಒಂದ್ ರಾತ್ರಿ ಇರಾಕ ಇಲ್ಲಿ ಜಾಗ ಸಿಗತೈತೇನ್ರಿ?"

"ಸಿಗತೈತಿ. ಬರ್ರಿ ಒಳಗ."

"ಮುಂಜಾನೆದ್ದು ನಮ್ಮ ಮನೀಗೆ ಹೋಗಿಬಿಡ್ತೀನಿ."

"ಹೋಗೀರಂತ."

ಒಂದು ಸಂಜೆಯೂ ಅವನು ಇದನ್ನು ತನ್ನ ಮನೆ ಎನ್ನಲಿಲ್ಲ.

*

ಬಿಸಿಲು ಏರಿತು, ಇಳಿಯಿತು. ಎಲ್ಲಿ ಮಣ್ಣು ಮಾಡುವುದೆಂಬ ಮಾತು ಮುಗಿಯಲಿಲ್ಲ. ಕುಣಿ ತೋಡಿ ಬಂದ ಮಂಜೂರ ಕೈಯ ಮಣ್ಣನ್ನೂ ತೊಳೆಯದೆ ಗೋಡೆಗೆ ಒರಗಿ ನಿಂತಿದ್ದ. ದುರಗೇಶನಿಗೆ ತಡೆಯಲಾಗಲಿಲ್ಲ.

"ಇಷ್ಟ್ ದಿನ ಎಲ್ಲಿದ್ರಿ ಯಜಮಾನ್ರ?" ಎಂದ. "ಒಂದ್ ಸಂಜೀಗರ ಬಂದು ನಾಕು ಹೆಜ್ಜಿ ನಡೆದೀರೇನು?"

ಹುಚ್ಚೀರಪ್ಪನ ಮುಖ ಕಪ್ಪಿಟ್ಟಿತು. ಪಾರಮ್ಮ ದುರಗೇಶನನ್ನು ಗದರಿಸಿದಳು. ಮುದುಕ ಏಕೆ ಬರಲಿಲ್ಲವೆಂದು ಅಲ್ಲಿದ್ದವರಲ್ಲಿ ಕಸ್ತೂರೆಮ್ಮನಿಗೆ ಮಾತ್ರ ಗೊತ್ತಿತ್ತು.

*

ಒಮ್ಮೆ ಅವಳು ಗಂಡನ ಮಾತನ್ನು ನಂಬಿ ಬಾಡಿಗೆ ಆಟೋದಲ್ಲಿ ಅವನನ್ನು ನವಲಿಗೆ ಕರೆದೊಯ್ದಿದ್ದಳು. ಮನೆ ಎಂದರೆ ಹುಟ್ಟಿದ ಮನೆಯೇ ಇದ್ದೀತು, ನೋಡಿದರೆ ಮನಸ್ಸು ನಿಂತೀತು ಎಂದು. ಹುಚ್ಚೀರಪ್ಪ ಗದ್ದೆಯಿಂದ ಓಡುತ್ತ ಬಂದಿದ್ದ. ಅಪ್ಪ ಕೂರುತ್ತಿದ್ದ ಕಟ್ಟೆಯ ಮೇಲೆಯೇ ತಮ್ಮನನ್ನು ಕೂರಿಸಿ, ತಾನೇ ಕಾಲಿಗೆ ನೀರು ಹಾಕಿ, ಹೊಸ ಅಕ್ಕಿಯ ಅನ್ನ ಮಾಡಿಸಿದ್ದ. ಚಿಕ್ಕಂದಿನ ಮಾತು ಒಂದೊಂದಾಗಿ ತೆಗೆದಿದ್ದ. ಕಳಕಪ್ಪ ಎಲ್ಲಕ್ಕೂ ತಲೆಯಾಡಿಸಿ, ಹೊತ್ತು ಇಳಿಯುತ್ತಲೇ ಟವೆಲು ಹೆಗಲಿಗೆ ಹಾಕಿ ಎದ್ದ. ಅಣ್ಣನಿಗೆ ಕೈ ಮುಗಿದ.

"ಭಾಳ ಉಪಕಾರ ಆತ್ರಿ ಸಾಹೇಬ್ರ. ನಾ ಇನ್ನ ಮನೀಗೆ ಹೋಗ್ತೀನಿ."

ಅದು ಅವನು ಇಂಜಿನಿಯರುಗಳಿಗೆ ಕೈ ಮುಗಿಯುತ್ತಿದ್ದ ರೀತಿ. ಹುಚ್ಚೀರಪ್ಪ ಖಾಲಿ ಚೊಂಬು ಹಿಡಿದುಕೊಂಡು ನಿಂತೇ ಇದ್ದ. ಆಟೋ ತಿರುಗುವಾಗ ಕಸ್ತೂರೆಮ್ಮ ಹಿಂದಕ್ಕೆ ನೋಡಿದಾಗಲೂ ಹಾಗೆಯೇ ನಿಂತಿದ್ದ. ಆಮೇಲೆ ಅವನು ಮುನಿರಾಬಾದಿನ ಕಡೆ ಸುಳಿಯಲಿಲ್ಲ.

*

ಕಸ್ತೂರೆಮ್ಮ ಹೋಗಿ ಭಾವನ ಎದುರು ನೆಲದ ಮೇಲೆ ಕೂತಳು.

"ಬಾವಾರ, ಅವತ್ತ ನಿಮಗ ಎಷ್ಟ್ ನೋವಾಗೈತಿ ನನಗ ಗೊತ್ತೈತಿ," ಎಂದಳು. "ನನಗೂ ದಿನಾ ಹಂಗ ಕೈ ಮುಗೀತಿದ್ರು. ಅವ್ರ ಮನಿ ಯಾವುದಂತ ನನಗೂ ತಿಳೀಲಿಲ್ಲ. ಈ ಮನೀನೂ ಮನಿ ಅನ್ನಲಿಲ್ಲ, ನವಲೀದನ್ನೂ ಅನ್ನಲಿಲ್ಲ. ಆದ್ರ ದಿನಾ ಸಂಜೀಗೆ ಅವ್ರನ್ನ ಹೊಳ್ಳಿಸಿ ತಂದವ್ರು ಇಲ್ಲಿ ಅದಾರ. ಇವ್ರ ಹೆಗಲ ಮ್ಯಾಲೆ ಹೋಗಲಿ."

ಹುಚ್ಚೀರಪ್ಪ ತಮ್ಮನ ಮುಖದ ಕಡೆ ನೋಡಿದ. "ನಿನ್ನ ಗಂಡ," ಎಂದ. "ನಿನ್ನ ಮನಸ್ಸಿಗೆ ಬಂದಂಗ ಮಾಡು." ಎದ್ದು ಹೊರಗೆ ಹೋಗಿ, ಧೂಪದ ಬೆಂಕಿಯ ಮಡಕೆ ಯಾರು ಹಿಡಿಯುತ್ತಾರೆಂದು ಗಡುಸಾಗಿ ಕೇಳಿ, ತಾನೇ ಕೈಗೆ ತೆಗೆದುಕೊಂಡ.

ಸ್ನಾನ, ಪೂಜೆ ಮುಗಿದು ಚಟ್ಟ ಎತ್ತುವಾಗ ಹೊತ್ತು ಇಳಿದಿತ್ತು. ಅವನು ದಿನಾ ಟವೆಲು ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹೊತ್ತು. ಮುಂದೆ ಮಡಕೆ ಹಿಡಿದು ಹುಚ್ಚೀರಪ್ಪ, ಅವನ ಹಿಂದೆ ಚಟ್ಟ, ಮುಂದಿನ ಹೆಗಲು ಮಂಜೂರ ಮತ್ತು ದುರಗೇಶನದು. ಚಟ್ಟದ ಹಿಂದೆ ಓಣಿಯ ಹುಡುಗರ ಹಲಗೆಯ ಬಡಿತ. ಅವರ ಮನೆತನದಲ್ಲಿ ಹೆಂಡತಿ ಮಣ್ಣಿಗೆ ಹೋಗುವುದಿಲ್ಲ. ಕಸ್ತೂರೆಮ್ಮ ಹೊಸ್ತಿಲ ಒಳಗೇ ನಿಂತಳು. ಹೆಂಗಸರು ಕೊಡಗಳಲ್ಲಿ ನೀರು ತಂದು ಹೆಣ ಇಟ್ಟಿದ್ದ ನೆಲ ತೊಳೆಯತೊಡಗಿದರು.

ಅವಳು ಹಲಗೆಯ ಸದ್ದಿಗೆ ಕಿವಿ ಕೊಟ್ಟಿದ್ದಳು. ಸದ್ದು ಬೇವಿನ ಗಿಡ ದಾಟಿತು, ಗಿರಣಿ ದಾಟಿತು. ಈಗ ಮೂಲೆ. ಇನ್ನು ಸೇತುವೆ ಹತ್ತಿದ ಮೇಲೆ ಸಣ್ಣಗಾಗುತ್ತ ಹೋಗಬೇಕು. ಸಣ್ಣಗಾಗಲಿಲ್ಲ. ಬೇರೆ ದಿಕ್ಕಿನಿಂದ, ಹಿಂದಿನ ಓಣಿಯಿಂದ, ದೊಡ್ಡದಾಗುತ್ತ ಬಂತು. ಹೆಂಗಸರು ಕೊಡ ಹಿಡಿದಲ್ಲೇ ನಿಂತರು.

ಚಟ್ಟ ಹಿಂದಿನ ಓಣಿ ಬಳಸಿ ಮನೆಯ ಬಾಗಿಲಿಗೆ ಬಂದು ನಿಂತಿತು.

ಹೊತ್ತವರಿಗೆ ಅಲ್ಲಿ ಬಂದು ನಿಂತ ಮೇಲೆಯೇ ಎಚ್ಚರವಾದದ್ದು. ಹಲಗೆ ತಾನಾಗಿ ನಿಂತಿತು. ಹೊರಟ ಹೆಣ ಬಾಗಿಲಿಗೆ ತಿರುಗಿ ಬರಬಾರದು. ರೇಣುಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದಿನಿಂದ ಏದುಸಿರು ಬಿಡುತ್ತ ಹುಚ್ಚೀರಪ್ಪ ಬಂದ. ಅವನು ಮಡಕೆ ಹಿಡಿದು ಒಬ್ಬನೇ ಸೇತುವೆಯವರೆಗೆ ಹೋಗಿ, ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

"ಯಾಕ ಈ ಕಡಿ ಬಂದ್ರಿ?" ಎಂದು ಕೇಳಿದ. ಸಿಟ್ಟು ಮಾಡುವಷ್ಟು ಉಸಿರು ಅವನಲ್ಲಿ ಇರಲಿಲ್ಲ.

ಮಂಜೂರನ ಕಣ್ಣಲ್ಲಿ ನೀರಿತ್ತು. "ಗೊತ್ತಾಗ್ಲಿಲ್ರಿ ಅಜ್ಜಾರ. ಮೂಲ್ಯಾಗ ಕಾಲು ತಾವ ತಿರುಗಿದ್ವು."

ಹುಚ್ಚೀರಪ್ಪ ನಾಲ್ವರ ಕಾಲುಗಳನ್ನೂ ಒಬ್ಬೊಬ್ಬರದಾಗಿ ನೋಡಿದ. ಮಡಕೆಯನ್ನು ದುರಗೇಶನ ಕೈಗೆ ಕೊಟ್ಟು, ಅವನ ಜಾಗದಲ್ಲಿ ತಾನು ಹೆಗಲು ಕೊಟ್ಟ.

ಕಸ್ತೂರೆಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ದಿನಾ ಈ ಹೊತ್ತಿಗೆ, ಇದೇ ಜಾಗದಲ್ಲಿ, ಅವನು ಕೇಳುತ್ತಿದ್ದ. ತುಟಿಯ ಮೇಲೆ ಉತ್ತರ ಸಿದ್ಧವಾಗಿತ್ತು. ಹೂವಿನ ಕೆಳಗಿನ ಮುಖವನ್ನೇ ನೋಡುತ್ತ ನಿಂತಳು. ಚಟ್ಟದ ಬಿದಿರು ಕಿರ್ರೆಂದಿತು. ಅವನು ಕೇಳಲಿಲ್ಲ.

ಅವಳು ಹೊಸ್ತಿಲು ದಾಟಿದಳು. ಯಾರೋ ಬೇಡವೆಂದರು. ಚಟ್ಟದ ಪಕ್ಕಕ್ಕೆ ಬಂದು ಅದರ ಜೊತೆಗೇ ನಡೆಯತೊಡಗಿದಳು, ಬೇವಿನ ಗಿಡ, ಗಿರಣಿ, ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದ್ದ ದಾರಿಯಲ್ಲಿ. ಮಂಜೂರನ ಅಂಗಡಿಯ ಮೂಲೆಗೆ ಬಂದಾಗ ಹೊತ್ತವರ ಹೆಜ್ಜೆ ತಡವರಿಸಿದವು. ಅವಳು ಸೇತುವೆಯ ಕಡೆ ಕೈ ಮಾಡಿದಳು.

"ಇವತ್ತಿನ ಪಾಳಿ ನೆಟ್ಟಗ ಐತ್ರಿ," ಎಂದಳು ಗಂಡನಿಗೆ. "ನೀರು ಆ ಕಡಿ ಬಿಟ್ಟಾರ. ನಡೀರಿ."

ಚಟ್ಟ ನೆಟ್ಟಗೆ ಹೋಯಿತು. ಸೇತುವೆಯ ಏರಿನಲ್ಲಿ ಹುಚ್ಚೀರಪ್ಪನ ನೆರೆತ ತಲೆ ತಮ್ಮನ ಪಾದದ ಪಕ್ಕದಲ್ಲಿ ಕಾಣುತ್ತಿತ್ತು.

ಕಸ್ತೂರೆಮ್ಮನ ಕಾಲು ನಿಲ್ಲಲಿಲ್ಲ. ಅವಳೂ ಸೇತುವೆಯ ಕಡೆಗೇ ನಡೆದಳು. ಹಿಂದೆ ಬಂದ ಹೆಂಗಸರಲ್ಲಿ ಒಬ್ಬಳು ಅವಳ ರಟ್ಟೆ ಹಿಡಿಯಲು ಮುಂದಾದಳು. ಪಾರಮ್ಮ ಬೇಡವೆಂದು ಕಣ್ಣು ಮಾಡಿದಳು. ಸರಸರನೆ ಬಂದು ಕಸ್ತೂರೆಮ್ಮನ ಪಕ್ಕಕ್ಕೆ ಸೇರಿಕೊಂಡಳು.

"ಮುಂಜಾನಿಂದ ಹನಿ ಚಾ ಸೈತ ಕುಡಿದಿಲ್ಲ ನೋಡಕ್ಕ ನೀನು," ಎಂದಳು, ದಾರಿಯ ಮಾತೆಂಬಂತೆ. "ನಮ್ಮ ಒಲಿ ಮ್ಯಾಲೆ ಶುಂಠಿ ಹಾಕಿ ಕುದಿಸಾಕ ಇಟ್ಟು ಬಂದೀನಿ."

ನಾಕು ಹೆಜ್ಜೆ ಇಬ್ಬರೂ ಸೇತುವೆಯ ಕಡೆಗೇ ಹೋದರು. ಆಮೇಲೆ ಪಾರಮ್ಮ ಕೈ ಹಿಡಿಯದೆ, ಮಾತು ನಿಲ್ಲಿಸದೆ, ಮೆಲ್ಲಗೆ ಹೊರಳಿ ಎಡಗಡೆಯ ಓಣಿಗೆ ಕಾಲಿಟ್ಟಳು. ಪಕ್ಕದಲ್ಲಿ ಕಸ್ತೂರೆಮ್ಮನ ಕಾಲೂ ಹೊರಳಿದವು.