ಮೂರನೇ ಅಧ್ಯಾಯಕ್ಕೆ ಅತ್ತೆಯ ಸಹಿ

ಹದಿನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದ ಸೊಸೆ, ನಲವತ್ತೊಂದನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಸ್ತ್ರೀವಾದಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ಅತ್ತೆ ಮಾತ್ರ, "ಇದಕ್ಕೆ ಅಷ್ಟೊಂದು ಪುಸ್ತಕ ಯಾಕೆ? ನನ್ನ ಕೇಳಿದ್ರೆ ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸ್ತಿದ್ದೆ" ಎಂದು, ಅಂದಿನಿಂದ ಅವಳನ್ನು ಪಂಡಿತೆ ಎಂದೇ ಕರೆಯತೊಡಗಿದರು.

ಅತ್ತೆಯೇನು ಸಾಮಾನ್ಯದವರಲ್ಲ. ಮೂವತ್ತು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ಒಂದು ಹೊಲಿಗೆ ತಪ್ಪಿದರೂ ಅಂಗಿಯನ್ನು ವಾಪಸ್ ಎಸೆದವರು. ಹೋದ ವರ್ಷ ಜಾರಿ ಬಿದ್ದು ಸೊಂಟ ಮುರಿಯಿತು. ನಾಲಿಗೆಗೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಆಗಿನಿಂದ ದಿನಾ ಬೆಳಿಗ್ಗೆ ಅವರನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುವುದು ಸೊಸೆಯ ಕೆಲಸ.

ಆ ಸ್ನಾನವೇ ಅವಳ ಪ್ರಬಂಧದ ಮೂರನೇ ಅಧ್ಯಾಯವಾಯಿತು. ಮೈಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದವರ ಸ್ವಾತಂತ್ರ್ಯ ಏನಾಗುತ್ತದೆ, ತೊಳೆಯುವ ಕೆಲಸ ಯಾವಾಗಲೂ ಹೆಂಗಸಿನ ಪಾಲಿಗೇ ಯಾಕೆ ಬರುತ್ತದೆ ಎಂದೆಲ್ಲ ಇಪ್ಪತ್ತೆರಡು ಪುಟ. ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಓದಿ, "ಉಳಿದ ಅಧ್ಯಾಯಗಳಲ್ಲಿ ಬೇರೆಯವರು ಹೇಳಿದ್ದನ್ನ ಹೇಳಿದ್ದೀಯ. ನಿನ್ನದು ಅಂತ ಇರೋದು ಇದೊಂದೇ" ಎಂದಿದ್ದರು. ಆದರೆ ಒಂದು ನಿಯಮವಿತ್ತು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಅದನ್ನು ಓದಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಶುಕ್ರವಾರ ಕೊನೆಯ ದಿನ. ಗಡುವನ್ನು ಆಗಲೇ ಎರಡು ಸಲ ಮುಂದೂಡಿಸಿಕೊಂಡಾಗಿತ್ತು. ಇನ್ನೊಮ್ಮೆ ತಪ್ಪಿದರೆ ಒಂದು ವರ್ಷ ಮಣ್ಣುಪಾಲು.

ಮಂಗಳವಾರ ರಾತ್ರಿ, ಮಗ ಪಕ್ಕದಲ್ಲೇ ಊಟ ಮಾಡುತ್ತಿರುವಾಗ, ಅತ್ತೆ ಕನ್ನಡಕ ಏರಿಸಿಕೊಂಡು ಒಪ್ಪಿಗೆ ಪತ್ರ ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಯಾವಾಗ ಬೇಕಾದ್ರೂ ಹಿಂದೆ ಸರೀಬಹುದು, ಕಾರಣ ಹೇಳ್ಬೇಕಾಗಿಲ್ಲ. ಇದು ನಿಜಾನಾ?"

"ನಿಜ ಅತ್ತೆ."

"ಸುಮ್ನೆ ಬರ್ದಿರ್ತಾರೆ. ಹೋಗ್ಲಿ, ಓದು."

ಸೊಸೆ ಓದಿದಳು. ಅತ್ತೆ ಚೆಕಿಂಗ್ ಶುರುಮಾಡಿದರು. ನಾಲ್ಕು ಮಗ್ ನೀರು ಎಂದಿದ್ದನ್ನು ಆರು ಮಾಡಿಸಿದರು. ಎಪ್ಪತ್ತಾರು ವಯಸ್ಸು ಎಂದಿದ್ದನ್ನು ಎಪ್ಪತ್ತೈದೂವರೆಗೆ ಇಳಿಸಿದರು. ಹತ್ತೊಂಬತ್ತನೇ ಪುಟದಲ್ಲಿ ಹೀಗಿತ್ತು: 'ಬೆನ್ನಿಗೆ ನೀರು ಬಿದ್ದೊಡನೆ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದು ನಾಚಿಕೆ, ಇನ್ನೊಬ್ಬರ ಹಂಗಿಗೆ ಬಿದ್ದ ದೇಹದ ಅವಮಾನ.'

"ಸಾಕು" ಎಂದರು ಅತ್ತೆ. ಕನ್ನಡಕ ತೆಗೆದಿಟ್ಟರು. "ನಾನು ಹಿಂದೆ ಸರಿದೆ."

ಸೊಸೆ ತಮಾಷೆ ಎಂದುಕೊಂಡು ನಕ್ಕಳು. ಅತ್ತೆ ನಗಲಿಲ್ಲ.

"ಯಾಕೆ ಅತ್ತೆ?"

"ಕಾರಣ ಹೇಳ್ಬೇಕಾಗಿಲ್ಲ ಅಂತ ನಿನ್ನ ಪೇಪರ್‌ನಲ್ಲೇ ಇದೆಯಲ್ಲ."

ಆಮೇಲಿನ ಎರಡು ದಿನ ನಮ್ಮ ಪಂಡಿತೆಗೆ ಶೋಭೆ ತರುವಂಥದ್ದಲ್ಲ. ಹೆಣ್ಣಿನ ಒಪ್ಪಿಗೆಯ ಬಗ್ಗೆಯೇ ಇಡೀ ಎರಡನೇ ಅಧ್ಯಾಯ ಬರೆದವಳು, ಒಬ್ಬ ಮುದುಕಿಯ ಒಪ್ಪಿಗೆಗಾಗಿ ಮಾಡದ ಕಸರತ್ತಿಲ್ಲ. ಪುಸಲಾಯಿಸಿದಳು, ಮುಖ ಊದಿಸಿಕೊಂಡಳು, ವಯಸ್ಸನ್ನು ಅರವತ್ತಕ್ಕೆ ಇಳಿಸುತ್ತೇನೆಂದು ಆಸೆ ತೋರಿಸಿದಳು. ಅತ್ತೆ ಜಪ್ಪಯ್ಯ ಅನ್ನಲಿಲ್ಲ.

ಲಿಫ್ಟ್ ಮೆಕ್ಯಾನಿಕ್ ಆದ ಗಂಡ ಬುಧವಾರ ಸಂಜೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದ. "ಕೊಡು ಇಲ್ಲಿ, ನಾನು ಹಾಕ್ತೀನಿ. ಸ್ಕೂಲಲ್ಲಿ ಮಾರ್ಕ್ಸ್ ಕಾರ್ಡಿಗೆ ಹಾಕಿ ಹಾಕಿ, ಅಮ್ಮನ ಸಹಿ ಅಮ್ಮನಿಗಿಂತ ನನಗೇ ಚೆನ್ನಾಗಿ ಬರುತ್ತೆ."

ಸುಳ್ಳೇಕೆ ಹೇಳಬೇಕು, ಅವಳು ಪತ್ರವನ್ನು ಅವನ ಮುಂದೆ ಇಟ್ಟೇಬಿಟ್ಟಳು. ಅವನು ಪೆನ್ನಿನ ಮುಚ್ಚಳ ತೆಗೆದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಪತ್ರವನ್ನು ಕಿತ್ತುಕೊಂಡು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಅತ್ತೆಯ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು.

"ಏನು ಮಾಡ್ತಿದ್ದೀಯ?"

"ನಿಮ್ಮ ವಿಷಯ ಅಳಿಸ್ತಿದ್ದೀನಿ."

"ಎಲ್ಲಾನೂ?"

"ಇಪ್ಪತ್ತೆರಡು ಪುಟಾನೂ."

"ಫೇಲ್ ಮಾಡಿದ್ರೆ?"

"ಮಾಡ್ಲಿ ಬಿಡಿ. ನೀವು ಬೇಡ ಅಂದ್ರಲ್ಲ."

ಅತ್ತೆ ಕತ್ತು ಚಾಚಿ ಪರದೆ ನೋಡಿದರು. ಪುಟಗಳು ಒಂದೊಂದಾಗಿ ಹೋಗುತ್ತಿದ್ದವು.

"ಹದಿನೈದು ವರ್ಷಕ್ಕೆ ಮದುವೆ ಬೇಡ ಅಂದೆ, ಮಾಡಿದ್ರು. ಇನ್ನೊಂದು ಮಗು ಬೇಡ ಅಂದೆ, ಅದೂ ಆಯ್ತು. ನಾನು ಬೇಡ ಅಂದಿದ್ದಕ್ಕೆ ಯಾರಾದ್ರೂ ಏನಾದ್ರೂ ನಿಲ್ಲಿಸಿದ್ದನ್ನ ಇವತ್ತೇ ಕಣೇ ನೋಡಿದ್ದು."

ಸೊಸೆಯ ಕೈ ನಿಂತಿತು.

"ನೀನು ಬರ್ದಿದ್ದು ತಪ್ಪು" ಎಂದರು ಅತ್ತೆ, ಗೋಡೆ ನೋಡುತ್ತ. "ಅದು ನಾಚಿಕೆ ಅಲ್ಲ. ನಮ್ಮಮ್ಮ ಹೋದಾಗ ನಂಗೆ ಏಳು ವರ್ಷ. ಆಮೇಲೆ ಈ ಮೈನ ಯಾರೂ ಮೆಲ್ಲಗೆ ಮುಟ್ಟಿಲ್ಲ. ನೀನು ಬೆನ್ನಿಗೆ ನೀರು ಹಾಕಿ ಉಜ್ಜುವಾಗ ಎಷ್ಟು ಹಾಯಾಗುತ್ತೆ ಗೊತ್ತಾ? ಕಣ್ಣು ಬಿಟ್ರೆ ಎಲ್ಲಿ ಮುಗಿದುಹೋಗುತ್ತೋ ಅಂತ ಮುಚ್ಚಿಕೊಂಡಿರ್ತೀನಿ. ಇದನ್ನ ಮಗನ ಮುಂದೆ ಹೇಳೋಕಾಗುತ್ತಾ?"

ಹದಿನಾಲ್ಕು ವರ್ಷದ ನರ್ಸಿಂಗು, ಎರಡು ವರ್ಷದ ತತ್ತ್ವಶಾಸ್ತ್ರ, ಎರಡೂ ಸೇರಿ ಅವಳಿಗೆ ಇಷ್ಟನ್ನು ಕಾಣಿಸಿರಲಿಲ್ಲ. ಬರೆಯಬೇಕಾಗಿದ್ದ ಅಧ್ಯಾಯ ಇದೇ ಎಂದು ಆ ಕ್ಷಣವೇ ಗೊತ್ತಾಗಿ, ಕಣ್ಣು ಒರೆಸಿಕೊಳ್ಳುವ ಮೊದಲೇ ಬೆರಳು ಕೀಲಿಮಣೆಯ ಕಡೆ ಹೋಗಿತ್ತು.

ಅತ್ತೆಯ ಕಣ್ಣು ತಪ್ಪಿಸುವುದುಂಟೇ? "ಬರೀಬೇಡ. ನಿಂಗೆ ಹೇಳಿದ್ದು ಇದು. ನಿಮ್ಮ ಮೇಡಂಗಲ್ಲ."

"ಬರಿಯಲ್ಲ ಅತ್ತೆ."

ಅತ್ತೆಯ ಸುದ್ದಿಯೇ ಇಲ್ಲದೆ ಹೊಸದಾಗಿ ಬರೆದ ಮೂರನೇ ಅಧ್ಯಾಯ ನಾಲ್ಕು ಪುಟಕ್ಕೆ ಇಳಿಯಿತು. ಶುಕ್ರವಾರ ಹಾಗೆಯೇ ಕೊಟ್ಟು ಬಂದಳು. ತಿಂಗಳ ನಂತರ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸರಿಯಾಗಿ ಅಲ್ಲಿಗೇ ಕೈ ಹಾಕಿದರು. "ಆರೈಕೆ ಮಾಡಿಸಿಕೊಳ್ಳೋರಿಗೆ ಏನನ್ನಿಸುತ್ತೆ ಅಂತ ಒಂದು ಸಾಲೂ ಇಲ್ಲವಲ್ಲಮ್ಮ. ಗೊತ್ತಿಲ್ವಾ?"

"ಗೊತ್ತಿದೆ ಸರ್."

"ಮತ್ತೆ ಹೇಳಿ."

ಅವಳು ಹೇಳಲಿಲ್ಲ. ಮೇಡಂ ಕಣ್ಣಲ್ಲೇ ಗದರಿದರೂ ಬಾಯಿ ಬಿಡಲಿಲ್ಲ. ಪಾಸೇನೋ ಆದಳು, ಮೊದಲ ದರ್ಜೆ ಕೂದಲೆಳೆಯಲ್ಲಿ ತಪ್ಪಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಅದಕ್ಕೆ ದುಃಖವಾಗಬೇಕಿತ್ತು, ಆಗಲಿಲ್ಲ.

ಅತ್ತೆ ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

"ಅವತ್ತು ನಾನು ಹೇಳಿದ್ದನ್ನ ಅಲ್ಲಿ ಹೇಳಿದ್ರೆ ಫಸ್ಟ್ ಕ್ಲಾಸ್ ಸಿಗ್ತಿತ್ತಾ?"

"ಸಿಗ್ತಿತ್ತು."

"ಮತ್ತೆ ಹೇಳೋದಲ್ವೇನೇ, ಪೆದ್ದಿ?" ಎಂದರು. ಧ್ವನಿ ಒಡೆದಿತ್ತು. ಸೊಸೆಯನ್ನು ಎಳೆದು ಕಾಲ ಬಳಿ ಕೂರಿಸಿಕೊಂಡು, ಅವಳ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ ಸವರುತ್ತ ಕೂತರು.