ಕೆಳಗಿನ ಸದ್ದು

ಅಪ್ಪನ ಉಗುರುಸಂದಿಯ ಕರಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕುತ್ತಿದ್ದ ಮಗಳಿಗೆ ಹೊರಗೆ ನೆರೆದವರ ಮಾತೆಲ್ಲ ಕೇಳುತ್ತಿತ್ತು.

"ಹಳೇ ಬೈಕು ಬೀದಿ ತುದೀಲಿ ಬರ್ತಿದ್ದ ಹಾಗೇ ರೋಗ ಏನೂಂತ ಹೇಳಿಬಿಡ್ತಿದ್ದ. ಎಂಥಾ ಕಿವಿ!"

"ಆ ಕಿವೀನೇ ಕೈಕೊಡ್ತಲ್ಲ. ಎಂಟು ವರ್ಷ ಬರೀ ಪಂಕ್ಚರ್ ಹಾಕ್ಕೊಂಡು ಕಳೆದ ಪಾಪ."

ಅಪ್ಪನ ಅಂಗಡಿಯ ಪಕ್ಕದ ವೆಲ್ಡರ್ ಒಳಗೆ ಬಂದು, ಬಾಗಿಲು ಮುಚ್ಚಿ, ಹೆಣದ ಕಾಲ ಬಳಿ ಕುಕ್ಕರಿಸಿದ.

"ಮಗಳೇ, ಇವನು ಕಿವುಡ ಆಗಿರ್ಲಿಲ್ಲ. ಇದನ್ನ ಹೊಟ್ಟೇಲಿಟ್ಕೊಂಡು ಸಾಯೋಕೆ ನನ್ನ ಕೈಲಾಗಲ್ಲ."

ಅವಳಿಗೆ ನಗು ಬಂತು. ಊಟಕ್ಕೆ ಕರೆಯಲೂ ದಿನಾ ಗಂಟಲು ಹರಿದುಕೊಂಡವಳು ಅವಳೇ ತಾನೆ.

*

ಎಂಟು ವರ್ಷದ ಹಿಂದೆ ಅಳಿಯ ತನ್ನ ಹಳೇ ಬೈಕನ್ನು ಅಂಗಡಿಗೆ ತಂದಿದ್ದ. "ಏನೋ ಟಕ್ ಟಕ್ ಅಂತಿದೆ ಮಾವ."

ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಗೆ ಕಿವಿಯಿಟ್ಟ. ಮೇಲ್ಭಾಗದಲ್ಲಿ ಸದ್ದು ಸರಿಯಾಗಿತ್ತು. ಕೆಳಗಿಳಿಸಿದ. ರೇಸ್ ಕೊಟ್ಟಷ್ಟೂ ಸುತ್ತಿಗೆಯಿಂದ ಬಡಿದಂಥ ದಪ್ಪ ಪೆಟ್ಟು. ಒಳಗಿನ ಬೇರಿಂಗ್ ಹೋಗಿತ್ತು. ವೇಗದಲ್ಲಿ ಎಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ಗಕ್ಕನೆ ನಿಲ್ಲುತ್ತದೆ. ಪಕ್ಕದಲ್ಲಿದ್ದ ವೆಲ್ಡರಿಗೂ ಅದು ತಿಳಿಯಿತು.

ಹಿಂದಿನ ದಿನವಷ್ಟೇ ಮಗಳ ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದನ್ನು ಅಪ್ಪ ನೋಡಿದ್ದ.

"ಏನಿಲ್ಲ ಅಳಿಯಂದ್ರೆ, ಚೈನ್ ಸಡಿಲ ಅಷ್ಟೆ. ಆರಾಮಾಗಿ ಓಡಿಸಿ."

ಆ ಸಂಜೆ ಬೈಕಿನ ಹಿಂದೆ ಮಗಳು ಕೂತಿದ್ದಳು. ಬೈಕು ಉರುಳಿದಾಗ ಅಳಿಯನಿಗೆ ಮೊಣಕೈ ತರಚಿತು. ಅವಳ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು.

*

"ಆಮೇಲೆ ಎಂಜಿನ್ ಸದ್ದು ಅಂದ್ರೇನೇ ನಡುಗ್ತಿದ್ದ. ಕಿವಿ ಹೋಯ್ತು ಅಂತ ಹೇಳ್ಕೊಂಡು ತಿರುಗಿದ," ಅಂದ ವೆಲ್ಡರ್. "ನನ್ನ ಹತ್ರ ಮಾತ್ರ ಮೆಲ್ಲಗೆ ಮಾತಾಡ್ತಿದ್ದ. ನಿನ್ನ ಗಂಡ ಹೊಡೆದಾಗೆಲ್ಲ ಅಂಗಡಿಗೆ ಬಂದು ಹೇಳೋನು, ಇವತ್ತು ಬೆಲ್ಟು, ಇವತ್ತು ಬರೀ ಕೈ ಅಂತ. ಸದ್ದಲ್ಲೇ ಗೊತ್ತಾಗ್ತಿತ್ತು ಅವನಿಗೆ."

ಅವಳ ಕೈ ನಿಂತಿತು. ಕಾಲು ಹೋದಮೇಲೆ ಗಂಡ ಹೆಂಡತಿ ಅಪ್ಪನ ಮನೆಗೇ ಬಂದು ನೆಲೆಸಿದ್ದರು. ಎರಡು ಕೋಣೆಗಳ ನಡುವೆ ಒಂದೇ ಗೋಡೆ. ಅಪ್ಪನಿಗೆ ಕೇಳಿಸಿದ್ದರೆ ಎದ್ದು ಬರುತ್ತಿದ್ದ ಎಂದುಕೊಂಡೇ ಅವಳು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದಳು.

ಬಾಗಿಲು ದಡಾರನೆ ತೆರೆಯಿತು. ಗಂಡ.

"ಏ ಕುಂಟಿ, ಗಾಡಿ ಕಾಯ್ತಿದೆ. ಹೆಣಕ್ಕೆ ಶೃಂಗಾರ ಮಾಡ್ತಿದ್ದೀಯಾ? ಒದೀಬೇಕಾ?"

ಆಸ್ಪತ್ರೆಯವರು ಹೆಣದ ಮೂಗಿಗೂ ಕಿವಿಗೂ ಹತ್ತಿ ತುರುಕಿದ್ದರು. ಮೂಗಿನದ್ದನ್ನು ಅವಳು ಮುಟ್ಟಲಿಲ್ಲ. ಎರಡೂ ಕಿವಿಯ ಹತ್ತಿಯನ್ನು ಕಿತ್ತು ನೆಲಕ್ಕೆಸೆದು ಗಂಡನತ್ತ ತಿರುಗಿದಳು.

"ಈಗ ಹೇಳಿ," ಅಂದಳು. "ಜೋರಾಗಿ ಹೇಳಿ."