ಅಡ್ಡ ಮಲಗಿದ ಪಟ್ಟಿಗಳು, ಅರ್ಧಕ್ಕೆ ನಿಂತ ಸೋಬಾನೆ

೧
ಎಲ್ಲಿಂದ ಶುರು ಮಾಡಲಿ ಹೇಳಿ? ‘ಹೊಸನಗರದಲ್ಲಿ ಒಂದು ಕಂಪ್ಯೂಟರ್ ಕಾದು ಕೆಂಡವಾಗಿತ್ತು’ ಎಂದರೆ ನೀವು ಪುಟ ತಿರುವುತ್ತೀರಿ, ಗೊತ್ತು. ರಂಗಮ್ಮನಿಂದಲೇ ಶುರು ಮಾಡುತ್ತೇನೆ. ಸೋಬಾನೆ ಹಾಡಿಗೆ ಹೆಸರಾದವರು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಪಿಸುಮಾತಷ್ಟೇ ಉಳಿದಿದೆ. ನಾಳೆ ತೀರ್ಥಹಳ್ಳಿಯಲ್ಲಿ ಮೊಮ್ಮಗಳ ಮದುವೆ. ಹಳೇ ಕ್ಯಾಸೆಟ್ಟಿನಲ್ಲಿರುವ ತಮ್ಮ ಹಾಡು ಅಲ್ಲಿ ಕೇಳಬೇಕು ಎಂಬುದೊಂದೇ ಆಸೆ.

೨
ಬಸ್‌ಸ್ಟ್ಯಾಂಡ್ ಎದುರಿನ ತನ್ನ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ರಕ್ಷಾ ಆ ಕ್ಯಾಸೆಟ್ಟಿನ ಗೊರಗೊರ ತೆಗೆಯುತ್ತಿದ್ದಾಳೆ. ಅವಳ ಕಂಪ್ಯೂಟರಿಗೆ ಫ್ಯಾನೇ ಇಲ್ಲ. ರೆಕಾರ್ಡಿಂಗಿಗೆ ಸದ್ದು ಸೇರಬಾರದೆಂದು ಅಂಥದ್ದನ್ನೇ ತಂದಿದ್ದಳು. ಒಳಗಿನ ಪ್ರೊಸೆಸರಿನ ಬಿಸಿಯೆಲ್ಲ ಪೆಟ್ಟಿಗೆಯ ಪಕ್ಕದಲ್ಲಿರುವ ಅಲ್ಯೂಮಿನಿಯಂ ಪಟ್ಟಿಗಳ ಮೂಲಕ, ಅಂದರೆ ಹೀಟ್‌ಸಿಂಕ್ ಮೂಲಕ, ಹೊರಗೆ ಹೋಗಬೇಕು. ಹೋಗುತ್ತಿಲ್ಲ. ಹಾಡು ಅರ್ಧ ಸ್ವಚ್ಛವಾಗುವಷ್ಟರಲ್ಲಿ ಪೆಟ್ಟಿಗೆ ಕಾದು ಆಫ್ ಆಗುತ್ತದೆ.

(ಇಲ್ಲಿ ಒಂದು ಡ್ರಾಫ್ಟ್ ಹರಿದು ಹಾಕಿದೆ. ಅದರಲ್ಲಿ ಸಾಗರದಿಂದ ಬೈಕಿನಲ್ಲಿ ಒಬ್ಬ ಚೆಂದದ ಮೆಕ್ಯಾನಿಕ್ ಬರುತ್ತಿದ್ದ.

“ಯಾರೂ ಬರೋದು ಬ್ಯಾಡ,” ಎಂದಳು ರಕ್ಷಾ. “ನನ್ ಮಿಷಿನ್ನು, ನಾನೇ ನೋಡ್ಕಳ್ತೀನಿ. ನೀವು ಸುಮ್ನೆ ಬರ್ಕಳಿ.”

ಸರಿ ತಾಯಿ!)

೩, ಅಥವಾ ೪
ರಂಗಮ್ಮ ಬಂದು ಕೂತರು. ಆಫ್ ಆದ ಪೆಟ್ಟಿಗೆಯನ್ನೇ ನೋಡಿದರು. ಅದನ್ನು ಕಂಡು ರಕ್ಷಾಳಿಗೆ ಇನ್ನೂ ಸಂಕಟವಾಯಿತು. ದಾರಿ ಕಾಣದೆ ಕಂಪ್ಯೂಟರಿನ ಪಕ್ಕ ಊದುಬತ್ತಿ ಹಚ್ಚಿಟ್ಟಳು. (ನಗಬೇಡಿ. ವೈಫೈ ಹೋದಾಗ ನೀವು ಎಷ್ಟು ದೇವರಿಗೆ ಕೈ ಮುಗಿಯುತ್ತೀರಿ ಅಂತ ಗೊತ್ತಿದೆ.) ಹೊಗೆ ನೆಟ್ಟಗೆ ಏರಿತು, ಪಟ್ಟಿಗಳಿಗೆ ತಾಗಿ ಅಲ್ಲೇ ಸುತ್ತತೊಡಗಿತು. ಪಟ್ಟಿಗಳು ಅಡ್ಡಡ್ಡ ಮಲಗಿದ್ದವು.

“ಅಯ್ಯೋ ನನ್ ಕರ್ಮವೇ! ಆಯುಧಪೂಜೆಗೆ ಹೂವು ಜಾರ್ತದೆ ಅಂತ ಈ ಪೆಟ್ಗೇನ ಮಗ್ಗುಲು ಮಲಗ್ಸಿದ್ನಲ್ಲ ದೊಡ್ಡಮ್ಮ, ಆಮೇಲೆ ಎತ್ತಿ ನಿಲ್ಸೇ ಇಲ್ಲ!”

ಎತ್ತಿ ನಿಲ್ಲಿಸಿದಳು. ಪಟ್ಟಿಗಳೂ ಉದ್ದುದ್ದ ನಿಂತವು. ಅವುಗಳ ನಡುವೆ ಬಿಸಿಗಾಳಿಗೆ ಮೇಲೇರಲು ದಾರಿಯಾಯಿತು. ಹೊಗೆಯೂ ಅದರ ಜೊತೆ ಸರ್ರನೆ ಹೊರಟಿತು. ರಕ್ಷಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮತ್ತೆ ಆನ್ ಮಾಡಿದಳು.

ಕೊನೆಗಳು
ಅ) ಹಾಡು ಪೂರ್ತಿಯಾಗುತ್ತದೆ, ಎಲ್ಲರೂ ತಬ್ಬಿಕೊಂಡು ಅಳುತ್ತಾರೆ. (ಥೂ, ಸೀರಿಯಲ್ ಆಯಿತು.)
ಆ) ಕರೆಂಟು ಹೋಗುತ್ತದೆ.

“ಕರೆಂಟಿಗೆ ಕೈ ಹಾಕಿದ್ರೆ ನೋಡಿ ಮತ್ತೆ!” ಎಂದು ರಕ್ಷಾ ಗದರಿದಳು. ಕೈ ತೆಗೆದೆ.

ಹಾಡು ಪ್ರತಿ ಸಲ ನಿಲ್ಲುತ್ತಿದ್ದ ಜಾಗ ದಾಟಿತು. ಪೆಟ್ಟಿಗೆ ಬೆಚ್ಚಗಿತ್ತು, ಅಷ್ಟೇ. ಕೆಲಸ ಮುಗಿದದ್ದೇ ರಕ್ಷಾ ಹೆಡ್‌ಫೋನನ್ನು ರಂಗಮ್ಮನ ಕಿವಿಗಿಟ್ಟಳು. ಅವರು ಕಣ್ಣು ಮುಚ್ಚಿ, ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದರು. ಇದೇ ಸಮಯವೆಂದು ನಾನು ‘ಮುಗಿಯಿತು’ ಎಂದು ಬರೆಯಲು ಹೋದೆ.

ರಂಗಮ್ಮ ಕಣ್ಣು ಬಿಡದೆಯೇ ಪಿಸುಗುಟ್ಟಿದರು: “ತಡಿ ಮಾರಾಯ. ಹಾಡಲ್ಲಿ ಹೆಣ್ಣು ಇನ್ನೂ ಹಸೆಗೇ ಬಂದಿಲ್ಲ.”